ಬೆಂಗ್ರೆಯ ದಂಡೆಯಲ್ಲಿ ಕ್ಯಾಮೆರಾ

ಮಂಗಳೂರಿನ ದಕ್ಕೆ ಪೂರ್ತಿ ಕಾಣಬೇಕೆಂದರೆ ದಕ್ಕೆಯಲ್ಲಿ ನಿಂತರಾಗದು. ಫೆರಿಯಲ್ಲಿ ಫಲ್ಗುಣಿ ದಾಟಿ ಬೆಂಗ್ರೆಯ ಮರಳದಂಡೆಗೆ ಬರಬೇಕು. ಬೆಳಗ್ಗೆ ಸೂರ್ಯ ಎದುರಿಗಿರುತ್ತಾನೆ. ಮಧ್ಯಾಹ್ನ ಕಳೆದ ಮೇಲೆ ಟ್ರೈಪಾಡ್ ನೆಡುತ್ತೇನೆ.

ಹತ್ತು ಸೆಕೆಂಡಿಗೊಂದು ಚಿತ್ರ. ಸೆಕೆಂಡಿಗೆ 25ರಂತೆ ಓಡಿಸಿದರೆ ಒಂದು ಗಂಟೆ 14 ಸೆಕೆಂಡು ಚಿಲ್ಲರೆಗೆ ಇಳಿಯುತ್ತದೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲವನ್ನೂ ಕೈಯಾರೆ ಕಟ್ಟಿಹಾಕಬೇಕು. ಕ್ಯಾಮೆರಾದ ಇಷ್ಟಕ್ಕೆ ಬಿಟ್ಟರೆ ಮೋಡ ಸರಿದಾಗಲೆಲ್ಲ ವಿಡಿಯೋ ಮಿಣುಕುತ್ತದೆ.

ಇಲ್ಲಿನ ಉಬ್ಬರ-ಇಳಿತದ ಅಂತರ ಸುಮಾರು ಒಂದು ಮೀಟರ್. ಬರಿಗಣ್ಣಿಗೆ ಅದರ ನಡೆ ಸಿಕ್ಕುವುದಿಲ್ಲ. ವಿಡಿಯೋದಲ್ಲೂ ಅದನ್ನು ಮೊದಲು ಹೇಳುವುದು ನೀರಲ್ಲ, ಲಂಗರು ಹಾಕಿದ ದೋಣಿಗಳ ಮೂತಿ. ಇಳಿತದಲ್ಲಿ ಎಲ್ಲವೂ ನದಿಯ ಮೇಲುಭಾಗಕ್ಕೆ ಮುಖಮಾಡಿರುತ್ತವೆ. ನೀರು ನಿಂತ ಹೊತ್ತಿನಲ್ಲಿ ಪಡುಗಾಳಿ ದೂಡಿದತ್ತ ಅಲೆಯುತ್ತವೆ. ಅಳಿವೆ ಬಾಗಿಲಿನಿಂದ ಉಬ್ಬರ ಏರತೊಡಗಿದಾಗ ಕಡಲ ಕಡೆಗೆ ಹೊರಳುತ್ತವೆ, ಅದೂ ಒಟ್ಟಿಗಲ್ಲ: ದಡದ ಬದಿಯವು ಮೊದಲು, ನಡುಹೊಳೆಯವು ಆಮೇಲೆ. ಆಳ ಕಡಿಮೆಯಿರುವಲ್ಲಿ ತಳದ ತಿಕ್ಕಾಟಕ್ಕೆ ನೀರಿನ ಓಟ ಬೇಗ ಸೋಲುತ್ತದೆ, ಬೇಗ ತಿರುಗುತ್ತದೆ. ಈ ಹಿಂದುಮುಂದನ್ನು ಎಷ್ಟು ಸಲ ನೋಡಿದರೂ ನನಗೆ ತಣಿಯದು.

ಆದರೆ ಇದೇ ವೇಗದಲ್ಲಿ ಗರುಡ ಮಾಯ. ಬೋಟಿನಿಂದ ಎಸೆದ ಮೀನಿನ ಚೂರನ್ನು ನೀರ ಮೇಲಿಂದ ಎತ್ತಿ, ಹಾರುತ್ತಲೇ ತಿಂದು ಮುಗಿಸುವುದೆಲ್ಲ ಎರಡು ಚಿತ್ರಗಳ ನಡುವೆ ಆಗಿಹೋಗುತ್ತದೆ. ಅದಕ್ಕಾಗಿ ಪಕ್ಕದಲ್ಲಿ ನೋಟ್‌ಪುಸ್ತಕ ತೆರೆದಿಟ್ಟುಕೊಂಡೇ ಕೂರುವುದು. ಕೆಸರಿನ ಬೆಳ್ಳಕ್ಕಿಗೆ ಎರಡು ಸೆಕೆಂಡಿನ ಅಂತರ ಸಾಕು; ಇಳಿಯುವ ನೀರಿನ ಅಂಚನ್ನೇ ಹಿಡಿದು ಅದು ನಡೆಯುವುದು ಚೆನ್ನಾಗಿ ಕಾಣುತ್ತದೆ.

ಕಂದುತಲೆಯ ಕಡಲಕ್ಕಿಯದು ಬೇರೆಯೇ ಲೆಕ್ಕ. ಅದಕ್ಕೆ ಉದ್ದನೆಯ ಲೆನ್ಸ್, ವಾರಕ್ಕೊಂದೆರಡು ಚಿತ್ರ. ಚಳಿಗಾಲದಲ್ಲಿ ತಲೆ ಬಿಳಿ, ಕಿವಿಯ ಹಿಂದೊಂದು ಕಪ್ಪು ಚುಕ್ಕೆ. ಬೇಸಿಗೆ ಹತ್ತಿರವಾದಂತೆ ಕಂದು ಬಣ್ಣ ತಲೆಯನ್ನೆಲ್ಲ ಆವರಿಸುತ್ತದೆ. ಆಮೇಲೆ ಹಕ್ಕಿಯೇ ಇರುವುದಿಲ್ಲ, ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳತ್ತ ಹೊರಟಿರುತ್ತದೆ.

ಗರುಡ ಮಾತ್ರ ಇಲ್ಲಿಯದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಎಸೆಯುವ ಮೀನಿಲ್ಲದ ಆ 61 ದಿನ ಗರುಡಗಳು ಹೊಟ್ಟೆ ಹೊರೆಯುವುದೆಲ್ಲಿ? ಈ ಮಳೆಗಾಲಕ್ಕೆ ಕ್ಯಾಮೆರಾಕ್ಕೊಂದು ದೊಡ್ಡ ಕೊಡೆ ಹೊಂದಿಸಬೇಕು.