ನಿಮಗಿದು ಗೊತ್ತೆ? ಡೇಟಾಬೇಸ್‌ನ ಹೊರೆ ಇಳಿಸಿದ ಮೆಮ್‌ಕ್ಯಾಶ್‌ಡಿ

ಜಾಲತಾಣದ ಒಂದೇ ಪುಟವನ್ನು ಸಾವಿರ ಜನ ತೆರೆದರೆ, ಅದೇ ಮಾಹಿತಿಗಾಗಿ ಡೇಟಾಬೇಸ್ ಸಾವಿರ ಸಲ ಹುಡುಕಬೇಕೆ? ಬೇಕಿಲ್ಲ. ಅಮೆರಿಕದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ತಾವು ಕಟ್ಟಿದ್ದ ಲೈವ್‌ಜರ್ನಲ್ ತಾಣದ ಡೇಟಾಬೇಸ್ ಮೇಲಿನ ಒತ್ತಡ ತಗ್ಗಿಸಲು 2003ರಲ್ಲಿ ಮೆಮ್‌ಕ್ಯಾಶ್‌ಡಿ ಎಂಬ ತಂತ್ರಾಂಶ ರೂಪಿಸಿದರು. ಒಮ್ಮೆ ಹುಡುಕಿ ತೆಗೆದ ಉತ್ತರವನ್ನು ಸರ್ವರ್‌ಗಳ ರ‍್ಯಾಮ್‌ನಲ್ಲಿ ಇಟ್ಟುಕೊಂಡು, ಮುಂದೆ ಕೇಳಿದವರಿಗೆಲ್ಲ ಅಲ್ಲಿಂದಲೇ ಕೊಡುವುದು ಇದರ ಕೆಲಸ. ಜಾಗ ತುಂಬಿದರೆ, ಬಹಳ ಹೊತ್ತಿನಿಂದ ಯಾರೂ ಕೇಳದ ಮಾಹಿತಿ ಮೊದಲು ಹೊರಬೀಳುತ್ತದೆ. ಸರ್ವರ್ ಆರಿದರೆ ಎಲ್ಲವೂ ಅಳಿಸಿಹೋಗುತ್ತದೆ. ಆದರೆ ಮೂಲ ಪ್ರತಿ ಡೇಟಾಬೇಸ್‌ನಲ್ಲಿ ಭದ್ರವಾಗಿರುತ್ತದೆ.

ನಿಜವಾದ ಪರೀಕ್ಷೆ ಬೇರೆಯೇ ಇದೆ. ಬಹಳ ಬೇಡಿಕೆಯ ಮಾಹಿತಿಯೊಂದು ಈ ತಾತ್ಕಾಲಿಕ ಸಂಗ್ರಹದಿಂದ, ಅಂದರೆ ಕ್ಯಾಶ್‌ನಿಂದ, ಅಳಿದ ಕೂಡಲೇ ಅದರ ಕೋರಿಕೆಗಳೆಲ್ಲ ಒಟ್ಟಿಗೆ ಡೇಟಾಬೇಸ್‌ನತ್ತ ನುಗ್ಗುತ್ತವೆ. ಫೇಸ್‌ಬುಕ್ ಎಂಜಿನಿಯರುಗಳು ಇದಕ್ಕೆ ಹೂಡಿದ ಉಪಾಯ ನಿಜಕ್ಕೂ ಸೊಗಸಾದದ್ದು: ಒಂದು ಕೋರಿಕೆಗೆ ಮಾತ್ರ ಟೋಕನ್ ಕೊಟ್ಟು ಡೇಟಾಬೇಸ್‌ಗೆ ಕಳಿಸುವುದು, ಉಳಿದವು ತುಸು ಕಾದು ಮತ್ತೆ ಕ್ಯಾಶ್‌ನಲ್ಲೇ ಕೇಳುವುದು. ಇಂಥ ನುಗ್ಗಾಟಕ್ಕೆ ಹೆಚ್ಚು ತುತ್ತಾಗುತ್ತಿದ್ದ ಮಾಹಿತಿಯ ಮೇಲೆ ಪ್ರಯೋಗಿಸಿದಾಗ, ಡೇಟಾಬೇಸ್ ಮುಟ್ಟುವ ಕೋರಿಕೆಗಳ ಗರಿಷ್ಠ ಪ್ರಮಾಣ ಸೆಕೆಂಡಿಗೆ 17,000ದಿಂದ 1,300ಕ್ಕೆ ಇಳಿಯಿತು ಎಂದು 2013ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಹೇಳುತ್ತದೆ.

ಮೆಮ್‌ಕ್ಯಾಶ್‌ಡಿ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಕನ್ನಡವೂ ಸೇರಿ ಎಲ್ಲ ಭಾಷೆಗಳ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಕೂಡ ಇದನ್ನು ಬಳಸುತ್ತದೆ.