ಗರಡಿ ಆರಂಭಿಸುವ ಮುನ್ನ: ಅರ್ಧಬಲದ ನಿಯಮ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಯುವಕ ಸಂಘದವರು ತಮ್ಮ ಊರಿನಲ್ಲಿ ಗರಡಿಯನ್ನು ಆರಂಭಿಸಲು, ಇಲ್ಲವೇ ಕರಾಟೆ ಕಲಿಸಲು ನನ್ನಲ್ಲಿ ಸಲಹೆ ಕೇಳುವುದುಂಟು. ಇದು ಸಂತೋಷದ ಸಂಗತಿ. ಮಲ್ಲವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಆಹಾರ, ಅಭ್ಯಾಸಗಳ ವಿವರವಿದೆ. ಮೈಸೂರು ದಸರೆಯಲ್ಲಿ ಇಂದಿಗೂ ಕುಸ್ತಿ ನಡೆಯುತ್ತದೆ. ಆದರೆ ಔಷಧಿಗೆ ಇರುವಂತೆ ವ್ಯಾಯಾಮಕ್ಕೂ ಒಂದು ಪ್ರಮಾಣವಿದೆ ಎಂಬುದನ್ನು ಸಂಘದವರು ಮೊದಲು ಅರಿಯಬೇಕು.

ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾಡಬೇಕೆಂದು ಆಯುರ್ವೇದ ವಿಧಿಸುತ್ತದೆ. ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರೊಡೆದು, ಬಾಯಿ ಒಣಗತೊಡಗಿದರೆ ಅರ್ಧಬಲ ಮುಗಿಯಿತೆಂದು ತಿಳಿದು ನಿಲ್ಲಿಸಬೇಕು. ಚಳಿಗಾಲ ಹಾಗೂ ವಸಂತದಲ್ಲಿ ಈ ಮಿತಿಯವರೆಗೆ ಹೋಗಬಹುದು. ಬೇಸಗೆ, ಮಳೆಗಾಲಗಳಲ್ಲಿ ಇನ್ನೂ ಕಡಿಮೆ ಸಾಕು. ಮಿತಿ ಮೀರಿದರೆ ಅತಿಯಾದ ಬಾಯಾರಿಕೆ, ಕೆಮ್ಮು, ಜ್ವರ, ವಾಂತಿ, ಉಬ್ಬಸ, ಧಾತುಕ್ಷಯಗಳು ಉಂಟಾಗುತ್ತವೆ.

ಇದನ್ನು ನಾನು ಗ್ರಂಥಗಳಿಂದ ಮಾತ್ರ ಕಲಿತವನಲ್ಲ. ಹದಿನೆಂಟರ ಹರೆಯದಲ್ಲಿ ಗೆಳೆಯರೊಡನೆ ಪಂಥ ಕಟ್ಟಿ, ಜ್ವರ ಬಿಟ್ಟ ಮರುದಿನವೇ 500 ಬಸ್ಕಿ ಹೊಡೆದೆ. ಎಡ ಮೊಣಕಾಲು ಊದಿಕೊಂಡಿತು. ಅರವತ್ತು ದಾಟಿದ ಈಗಲೂ ಮೆಟ್ಟಿಲೇರುವಾಗ ಅದು ನೋಯುತ್ತದೆ. ಅಂದು 'ಸಾಕು, ನಿಲ್ಲಿಸಪ್ಪಾ' ಎನ್ನುವ ಹಿರಿಯರೊಬ್ಬರೂ ಅಲ್ಲಿರಲಿಲ್ಲ. ಆದುದರಿಂದ ಮಣ್ಣು, ಗದೆಗಳಿಗಿಂತ ಮೊದಲು ಅಂತಹ ಗುರುವನ್ನು ಹುಡುಕಿರಿ.

ಅಭ್ಯಾಸವು ಬೆಳಗಿನ ಹೊತ್ತು, ಶೌಚ ಮುಗಿಸಿದ ಬಳಿಕ, ಹೊಟ್ಟೆ ಹಗುರವಾಗಿರುವಾಗ ನಡೆಯಲಿ. ವಾರಕ್ಕೆರಡು ಬಾರಿಯಾದರೂ ಮೊದಲು ಎಳ್ಳೆಣ್ಣೆ ಹಚ್ಚಿಕೊಳ್ಳಲಿ. ಮೊದಲ ತಿಂಗಳು ದಂಡೆ, ಬಸ್ಕಿ ಮತ್ತು ಪೆಟ್ಟಾಗದಂತೆ ಬೀಳುವ ರೀತಿ, ಇಷ್ಟೇ ಸಾಕು. ಪಟ್ಟುಗಳನ್ನು ಅನಂತರ ಕಲಿಸಬಹುದು. ಸಮಾನ ವಯಸ್ಸು, ಸಮಾನ ತೂಕದವರನ್ನೇ ಜೋಡಿ ಮಾಡಬೇಕು. ಬೆವರು ಆರಿದ ಮೇಲೆಯೇ ಸ್ನಾನ. ರಾಗಿಮುದ್ದೆ, ಹುರುಳಿ ಸಾರು, ನೆನೆಸಿದ ಹೆಸರುಕಾಳು, ಕಡಲೆಕಾಯಿ, ಹಾಲು ಬೆಳೆಯುವ ಮೈಗೆ ಒಳ್ಳೆಯ ಆಹಾರ. ಡಬ್ಬಿಯ ಪುಡಿಗಳ ಹಿಂದೆ ಹೋಗಬೇಕಿಲ್ಲ.

ಜ್ವರ, ಅಜೀರ್ಣವಿದ್ದ ದಿನ ಅಖಾಡಕ್ಕೆ ಇಳಿಯಕೂಡದು. ಉಬ್ಬಸ, ಹೃದ್ರೋಗ, ಮೂರ್ಛೆರೋಗ ಇರುವವರು ವೈದ್ಯರ ಒಪ್ಪಿಗೆ ಪಡೆಯಲೇಬೇಕು. ಮಣ್ಣಿನಲ್ಲಿ ಆದ ಗಾಯದಿಂದ ಧನುರ್ವಾಯು ಬರಬಹುದು. 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಚುಚ್ಚುಮದ್ದು ಆಗಿದೆಯೇ ಎಂದು ಸೇರಿಸಿಕೊಳ್ಳುವಾಗಲೇ ವಿಚಾರಿಸಿರಿ. ಹುಳುಕಡ್ಡಿ ಎದ್ದವರು ಅದು ವಾಸಿಯಾಗುವವರೆಗೆ ಜೋಡಿ ಅಭ್ಯಾಸದಿಂದ ದೂರವಿರಲಿ. ತಲೆಗೆ ಪೆಟ್ಟು ಬಿದ್ದವನನ್ನು ಆ ದಿನ ಮತ್ತೆ ಆಡಿಸಬೇಡಿ. ವಾಂತಿ, ಮಂಪರು, ಹೆಚ್ಚುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಮನೆಮದ್ದು ಸಲ್ಲದು.

ಹೆಣ್ಣುಮಕ್ಕಳಿಗೂ ಈ ವಿದ್ಯೆ ದೊರೆಯಲಿ. ಅವರಿಗೆ ಪ್ರತ್ಯೇಕ ವೇಳೆ, ಸಾಧ್ಯವಾದರೆ ಮಹಿಳಾ ಶಿಕ್ಷಕಿಯನ್ನು ಗೊತ್ತುಮಾಡಿರಿ. ಮಕ್ಕಳನ್ನು ಕಳುಹಿಸುವ ತಾಯಿತಂದೆಯರು ತಿಂಗಳಿಗೊಮ್ಮೆಯಾದರೂ ಗರಡಿಗೆ ಹೋಗಿ, ಗುರು ಎಲ್ಲಿ ನಿಲ್ಲಿಸುತ್ತಾರೆಂಬುದನ್ನು ಕಣ್ಣಾರೆ ನೋಡಿ ಬರಲಿ.