ಸಾಲ ಚರಿತ್ರೆ ಕೆಟ್ಟವರಿಗೂ ಕ್ರೆಡಿಟ್ ಕಾರ್ಡ್: ಠೇವಣಿಯ ದಾರಿ

ಮುಂಬಯಿಯಲ್ಲಿ ನೆಲೆಸಿರುವ ತುಳು-ಕನ್ನಡಿಗರಲ್ಲಿ ಹೊಟೇಲು ಉದ್ಯಮವನ್ನೇ ನಂಬಿ ಬದುಕು ಕಟ್ಟಿಕೊಂಡವರ ಸಂಖ್ಯೆ ಸಣ್ಣದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಈ ವರ್ಗಕ್ಕೆ ಬಿದ್ದ ಪೆಟ್ಟಿನ ಪರಿಣಾಮವು ಇಂದಿಗೂ ಹಲವರ ಬ್ಯಾಂಕ್ ದಾಖಲೆಗಳಲ್ಲಿ ಉಳಿದುಕೊಂಡಿದೆ. ಉಪನಗರದ ಹೊಟೇಲೊಂದರಲ್ಲಿ ಮ್ಯಾನೇಜರ್ ಆಗಿ ದುಡಿಯುತ್ತಿರುವ ಹಿರಿಯ ಮಿತ್ರರೋರ್ವರು ಕಳೆದ ವರ್ಷ ನಮ್ಮ ಸಂಘದ ಕಾರ್ಯಕ್ರಮವೊಂದಕ್ಕೆ ಬಂದಾಗ ತಮ್ಮ ಕಷ್ಟವನ್ನು ಹೇಳಿಕೊಂಡರು. ಲಾಕ್‌ಡೌನ್ ಸಮಯದಲ್ಲಿ ಅವರು ಊರಿಗೆ ತೆರಳಿದ್ದರು. ರಿಸರ್ವ್ ಬ್ಯಾಂಕ್ ಅನುಮತಿಸಿದ್ದ ಕಂತು ವಿನಾಯಿತಿಯು 2020ರ ಆಗಸ್ಟ್ 31ಕ್ಕೆ ಮುಗಿಯಿತು, ಹೊಟೇಲು ಮಾತ್ರ ತೆರೆಯಲಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ ಬೆಳೆಯುತ್ತಾ 86 ಸಾವಿರ ರೂಪಾಯಿಗೆ ಬಂದು ನಿಂತಾಗ, ವಸೂಲಿಗೆ ಫೋನ್ ಮಾಡಿದವರು 40 ಸಾವಿರಕ್ಕೆ ಇತ್ಯರ್ಥ ಮಾಡಿಕೊಳ್ಳುವ ಸಲಹೆಯನ್ನಿತ್ತರು. ಇವರು ಹೆಂಡತಿಯ ಬಳೆ ಅಡವಿಟ್ಟು ಅದನ್ನು ಕಟ್ಟಿದರು.

"ಕಟ್ಟಿ ಮುಗಿಸಿದ್ದೇನಲ್ಲ ಮಾರಾಯ್ರೆ, ಬ್ಯಾಂಕಿನವರೇ ಒಪ್ಪಿ ಪತ್ರ ಕೊಟ್ಟಿದ್ದಾರೆ. ಈಗ ಎಲ್ಲಿ ಅರ್ಜಿ ಹಾಕಿದರೂ ಇಲ್ಲ ಅನ್ನುತ್ತಾರೆ" ಎಂಬುದು ಅವರ ಪ್ರಶ್ನೆ. ಅವರಿಗೆ ಕಾರ್ಡ್ ಬೇಕೆಂಬ ಶೋಕಿಯೇನೂ ಇರಲಿಲ್ಲ. ಮಗಳು ಎಂಜಿನಿಯರಿಂಗ್ ಸೇರುವವಳಿದ್ದಳು. ವಿದ್ಯಾಭ್ಯಾಸ ಸಾಲದಲ್ಲಿ ಸಾಮಾನ್ಯವಾಗಿ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕಾಗುತ್ತದೆ, ಆಗ ಬ್ಯಾಂಕು ಅವರ ಸಾಲ ಚರಿತ್ರೆಯನ್ನೂ ನೋಡುತ್ತದೆ. ಅವರ ಅಂಕ ಆಗ 612.

ಈ ಅಂಕದ ಹಿನ್ನೆಲೆಯನ್ನು ಸ್ವಲ್ಪ ತಿಳಿಯುವುದು ಅಗತ್ಯ. ಸಾಲಗಾರರ ಮಾಹಿತಿಯನ್ನು ಸಂಗ್ರಹಿಸುವ ಸಿಬಿಲ್ ಸಂಸ್ಥೆಯು 2000ನೇ ಇಸವಿಯಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡಿತು. 2005ರಲ್ಲಿ ಇಂತಹ ಸಂಸ್ಥೆಗಳಿಗಾಗಿಯೇ ಸಂಸತ್ತು ಕಾಯಿದೆಯೊಂದನ್ನು ರೂಪಿಸಿತು. ನಮ್ಮವರು ಸಿಬಿಲ್ ಎಂಬ ಹೆಸರನ್ನು ಮಾತ್ರ ಬಲ್ಲರಾದರೂ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್ ಎಂಬ ಇನ್ನೂ ಮೂರು ಸಂಸ್ಥೆಗಳು ಇದೇ ಕೆಲಸವನ್ನು ಮಾಡುತ್ತವೆ. 2015ರಲ್ಲಿ ರಿಸರ್ವ್ ಬ್ಯಾಂಕು, ಸಾಲ ನೀಡುವ ಸಂಸ್ಥೆಗಳೆಲ್ಲವೂ ಈ ನಾಲ್ಕರ ಸದಸ್ಯರಾಗಬೇಕೆಂದು ಆದೇಶಿಸಿತು. ಹೀಗಾಗಿ ಒಂದೆಡೆ ದಾಖಲಾದ ಬಾಕಿ ಇತರೆಡೆಯೂ ಇರುವ ಸಂಭವವೇ ಹೆಚ್ಚು. ಅಂಕವು 300ರಿಂದ 900ರವರೆಗೆ ಇರುತ್ತದೆ. 750ಕ್ಕಿಂತ ಮೇಲಿದ್ದರೆ ಬ್ಯಾಂಕಿನವರ ಮುಖ ಅರಳುತ್ತದೆ, ಆದರೆ ಇಂತಿಷ್ಟೇ ಅಂಕ ಇರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಅದು ಆಯಾ ಬ್ಯಾಂಕಿನ ಧೋರಣೆ.

ಮಿತ್ರರ ವಿಷಯದಲ್ಲಿ ತೊಡಕಾಗಿದ್ದುದು ಅಂಕಕ್ಕಿಂತ ಹೆಚ್ಚಾಗಿ ಒಂದು ಪದ. ವರದಿಯಲ್ಲಿ ಅವರ ಹಳೆಯ ಕಾರ್ಡಿನ ಮುಂದೆ 'ಸೆಟಲ್ಡ್' ಎಂದು ಬರೆಯಲಾಗಿತ್ತು. ಪೂರ್ತಿ ಕಟ್ಟಿದವರ ಖಾತೆಗೆ 'ಕ್ಲೋಸ್ಡ್' ಎಂದು ಬೀಳುತ್ತದೆ. ರಿಯಾಯಿತಿಯಲ್ಲಿ ಇತ್ಯರ್ಥವಾದ ಖಾತೆಗೆ ಬೀಳುವ ಪದವೇ ಬೇರೆ, ಅದರ ಅರ್ಥ ಇವರಿಂದ ಬ್ಯಾಂಕಿಗೆ ನಷ್ಟವಾಗಿದೆ ಎಂದು. ವಸೂಲಿಗೆ ಫೋನ್ ಮಾಡುವವರು ಈ ವ್ಯತ್ಯಾಸವನ್ನು ಎಂದೂ ಹೇಳುವುದಿಲ್ಲ. ಆ ಗಳಿಗೆಯಲ್ಲಿ ಅವರಿಗೂ ತುರ್ತು, ನಮಗೂ ತುರ್ತು. ಇನ್ನೂ ಕೆಟ್ಟದ್ದು 'ರಿಟನ್ ಆಫ್' ಎಂಬುದು. ಬ್ಯಾಂಕು ಸಾಲವನ್ನು ತನ್ನ ಲೆಕ್ಕದಿಂದ ತೆಗೆದುಹಾಕಿದೆ ಎಂದ ಮಾತ್ರಕ್ಕೆ ಸಾಲ ಮನ್ನಾ ಆಯಿತೆಂದು ಸಂತೋಷಪಡುವವರನ್ನು ನಾನು ಕಂಡಿದ್ದೇನೆ. ಬಾಕಿ ಹಾಗೆಯೇ ಇರುತ್ತದೆ.

ಆದುದರಿಂದ ಹೊಸ ಕಾರ್ಡಿಗೆ ಅರ್ಜಿ ಹಾಕುವ ಮುನ್ನ ಮಾಡಬೇಕಾದ ಕೆಲಸ ವರದಿಯನ್ನು ತರಿಸಿ ಓದುವುದು. 2017ರ ಜನವರಿಯಿಂದ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಸಂಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕಾಗಿದೆ. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುತ್ತದೆ ಎಂಬುದು ತಪ್ಪು ಕಲ್ಪನೆ. ವರದಿಯಲ್ಲಿ ಪ್ರತಿ ಖಾತೆಯ 36 ತಿಂಗಳ ಪಾವತಿಯು ಸಣ್ಣ ಚೌಕಗಳಲ್ಲಿ ಕಾಣುತ್ತದೆ. ಸೊನ್ನೆ ಇದ್ದರೆ ವಾಯಿದೆಯೊಳಗೆ ಕಟ್ಟಿದ್ದೀರಿ, 60 ಎಂದಿದ್ದರೆ ಆ ತಿಂಗಳು ಪಾವತಿಯು 60 ದಿನ ತಡವಾಗಿತ್ತು ಎಂದರ್ಥ. ಹೆಸರು, ಪ್ಯಾನ್ ಸಂಖ್ಯೆ, ವಿಳಾಸಗಳನ್ನು ಸರಿಯಾಗಿ ಪರಿಶೀಲಿಸಬೇಕು. ಒಂದೇ ಹೆಸರಿನ ಬೇರೊಬ್ಬರ ಸಾಲ ನಮ್ಮ ತಲೆಗೆ ಬಂದಿರಬಹುದು. ಜಾಮೀನು ಹಾಕಿದ ಸಾಲಗಳೂ ಅಲ್ಲಿರುತ್ತವೆ. ಊರಿನವರು, ಸಂಬಂಧಿಕರು ಕೇಳಿದಾಗ ಮುಖ ನೋಡಿ ಸಹಿ ಹಾಕುವ ರೂಢಿ ನಮ್ಮಲ್ಲಿ ಬಹಳ. ಅವರು ತಪ್ಪಿದ ಕಂತು ನಮ್ಮ ಚರಿತ್ರೆಯನ್ನೂ ಕೆಡಿಸುತ್ತದೆ.

ನಮ್ಮ ಕರಾವಳಿ ಮೂಲದ ಬ್ಯಾಂಕುಗಳಲ್ಲಿ ಸಾಲ ಮಾಡಿದ್ದವರಿಗೆ ಇನ್ನೊಂದು ಗೊಂದಲವಿದೆ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಹಳೆಯ ಸಾಲಕ್ಕೆ ಬಾಕಿ ಇಲ್ಲವೆಂಬ ಪತ್ರವನ್ನು ಈಗ ಕೇಳಬೇಕಾದುದು ವಿಲೀನಗೊಂಡ ಬ್ಯಾಂಕಿನಲ್ಲಿ. ಹಳೆಯ ಪಾಸ್‌ಬುಕ್ಕು, ರಸೀದಿಗಳನ್ನು ರದ್ದಿಗೆ ಹಾಕದೆ ಇಟ್ಟುಕೊಂಡವರೇ ಪುಣ್ಯವಂತರು.

ತಪ್ಪು ಕಂಡುಬಂದಲ್ಲಿ ಆ ಮಾಹಿತಿ ಸಂಸ್ಥೆಗೂ, ಸಾಲ ನೀಡಿದ ಬ್ಯಾಂಕಿಗೂ ಬರೆಯಬೇಕು. ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಬಳಿಕದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನೀಡುವ ನಿಯಮವನ್ನು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಪ್ರಕಟಿಸಿ 2024ರ ಏಪ್ರಿಲ್‌ನಿಂದ ಜಾರಿಗೆ ತಂದಿದೆ. ಅಲ್ಲಿಗೂ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರಿನಿಂದ ಮಾಹಿತಿ ಸಂಸ್ಥೆಗಳೂ ಅವರ ವ್ಯಾಪ್ತಿಗೆ ಬಂದಿವೆ. ಈ ದೂರಿಗೆ ಶುಲ್ಕವಿಲ್ಲ. ಅಂಕವನ್ನು ಒಂದೇ ತಿಂಗಳಲ್ಲಿ ಏರಿಸಿಕೊಡುತ್ತೇವೆಂದು ಐದು ಹತ್ತು ಸಾವಿರ ಕೇಳುವ ಏಜೆಂಟರು ಈ ಉಚಿತ ದೂರನ್ನೇ ನಿಮ್ಮ ಹೆಸರಿನಲ್ಲಿ ಬರೆಯುತ್ತಾರೆ, ಅಷ್ಟೆ. ಸಾಲ ನೀಡಿದ ಬ್ಯಾಂಕು ದೃಢೀಕರಿಸದೆ ನಿಜವಾದ ಬಾಕಿಯನ್ನು ಅಳಿಸುವುದು ಅವರಿಂದಾಗದ ಕೆಲಸ.

ಇನ್ನು ಕಾರ್ಡಿನ ವಿಷಯ. ಒಂದು ಬ್ಯಾಂಕು ನಿರಾಕರಿಸಿದೊಡನೆ ಮತ್ತೊಂದಕ್ಕೆ, ಮಗದೊಂದಕ್ಕೆ ಅರ್ಜಿ ಹಾಕುತ್ತಾ ಹೋಗುವುದು ಸಹಜವಾಗಿ ಎಲ್ಲರೂ ಮಾಡುವ ತಪ್ಪು. ಪ್ರತಿ ಅರ್ಜಿಯೂ ವರದಿಯಲ್ಲಿ ವಿಚಾರಣೆಯೆಂದು ದಾಖಲಾಗುತ್ತದೆ, ಕೆಲವೇ ವಾರಗಳಲ್ಲಿ ಐದಾರು ವಿಚಾರಣೆಗಳಿದ್ದರೆ ಈತ ಹಣಕ್ಕಾಗಿ ಪರದಾಡುತ್ತಿದ್ದಾನೆಂಬ ಭಾವನೆ ಮೂಡುತ್ತದೆ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬ ನಿಯಮವಿದೆ, ಅದನ್ನು ಕೇಳಿ ಪಡೆಯಿರಿ. ಇದಲ್ಲದೆ 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿಗಳ ಅಪಾಯ ತೂಕವನ್ನು ಶೇ. 125ರಿಂದ 150ಕ್ಕೆ ಏರಿಸಿತು. ಸರಳವಾಗಿ ಹೇಳುವುದಾದರೆ, ಭದ್ರತೆಯಿಲ್ಲದ ಕಾರ್ಡಿಗಾಗಿ ಬ್ಯಾಂಕು ಹೆಚ್ಚು ಬಂಡವಾಳವನ್ನು ಎತ್ತಿಡಬೇಕು. ಇಂತಹ ಸಂದರ್ಭದಲ್ಲಿ ಚರಿತ್ರೆ ಕೆಟ್ಟವರು ಕಡೆಯ ಸಾಲಿನಲ್ಲಿ ನಿಲ್ಲಬೇಕಾದುದು ಆಶ್ಚರ್ಯವಲ್ಲ.

ಹೀಗಿರುವಾಗ ಉಳಿಯುವ ನೇರ ದಾರಿ ನಿಶ್ಚಿತ ಠೇವಣಿಯ ಆಧಾರದ ಕಾರ್ಡ್. ಹಲವು ಬ್ಯಾಂಕುಗಳು ಇದನ್ನು ನೀಡುತ್ತವೆ. ಇಪ್ಪತ್ತು ಇಪ್ಪತ್ತೈದು ಸಾವಿರದ ಠೇವಣಿ ಇಟ್ಟರೆ ಅದರ ಬಹುಪಾಲು ಮೊತ್ತಕ್ಕೆ ಕಾರ್ಡಿನ ಮಿತಿ ದೊರೆಯುತ್ತದೆ. ಠೇವಣಿಯ ಮೇಲೆ ಬ್ಯಾಂಕು ತನ್ನ ಹಕ್ಕನ್ನು ನಮೂದಿಸಿಕೊಳ್ಳುವುದರಿಂದ ಕಾರ್ಡ್ ಇರುವವರೆಗೆ ಅದನ್ನು ಮುರಿಯಲಾಗದು, ಆದರೆ ಬಡ್ಡಿ ಎಂದಿನಂತೆ ಬರುತ್ತದೆ. ಬ್ಯಾಂಕಿಗೆ ನಷ್ಟದ ಭಯ ಇಲ್ಲದ ಕಾರಣ ಹಳೆಯ ಚರಿತ್ರೆಯನ್ನು ಅಷ್ಟಾಗಿ ಕೆದಕುವುದಿಲ್ಲ. ಮುಖ್ಯ ಲಾಭವೇನೆಂದರೆ ಇದರ ಪಾವತಿಗಳೂ ಸಾಮಾನ್ಯ ಕಾರ್ಡಿನಂತೆಯೇ ಮಾಹಿತಿ ಸಂಸ್ಥೆಗಳಿಗೆ ವರದಿಯಾಗುತ್ತವೆ, ಹಳೆಯ ಕಪ್ಪು ತಿಂಗಳುಗಳ ಮೇಲೆ ಹೊಸ ಸೊನ್ನೆಗಳು ಕೂಡುತ್ತಾ ಬರುತ್ತವೆ. ಮಗನ ಕಾರ್ಡಿನ ಮೇಲೆ ಹೆಚ್ಚುವರಿ ಕಾರ್ಡ್ ಪಡೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಅದರ ಪಾವತಿ ಮಗನ ಹೆಸರಿಗೆ ದಾಖಲಾಗುತ್ತದೆಯೇ ಹೊರತು ತಂದೆಯ ಚರಿತ್ರೆ ಸುಧಾರಿಸುವುದಿಲ್ಲ.

ಆದರೆ ಠೇವಣಿ ಇದೆಯೆಂದು ಮೈಮರೆಯುವಂತಿಲ್ಲ. ಕಟ್ಟದಿದ್ದರೆ ಬ್ಯಾಂಕು ಠೇವಣಿಯನ್ನು ಜಮಾ ಮಾಡಿಕೊಳ್ಳುತ್ತದೆ, ಚರಿತ್ರೆಯೂ ಇನ್ನಷ್ಟು ಕೆಡುತ್ತದೆ. ಬಿಲ್ಲಿನಲ್ಲಿ ಕಾಣುವ 'ಕನಿಷ್ಠ ಮೊತ್ತ'ವಂತೂ ದೊಡ್ಡ ಮೋಹ. 20 ಸಾವಿರ ಬಾಕಿಯಿದ್ದು ಬಡ್ಡಿ ತಿಂಗಳಿಗೆ ಶೇ. 3.5 ಎಂದಾದರೆ ಬಡ್ಡಿಯೇ 700 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 826. ಆ ತಿಂಗಳು ಶೇ. 5ರಂತೆ 1,000 ಕಟ್ಟಿದವರ ಅಸಲಿಗೆ ಜಮೆಯಾಗುವುದು ಕೇವಲ 174 ರೂಪಾಯಿ. ಮೇಲಾಗಿ ಹಳೆ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ನ್ಯಾಯವಲ್ಲವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪು ನೀಡಿದ್ದು ಹಲವರಿಗೆ ನೆನಪಿರಬಹುದು. ಅದನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 20ರಂದು ರದ್ದುಪಡಿಸಿದೆ. ಆ ತೀರ್ಪನ್ನು ಮುಂದಿಟ್ಟು ಈಗ ವಾದಿಸುವಂತಿಲ್ಲ.

ಮಿತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬಳಸದೆ, ಪೂರ್ತಿ ಮೊತ್ತವನ್ನು ವಾಯಿದೆಗೆ ಮುನ್ನವೇ ಕಟ್ಟುವುದು ಉತ್ತಮ. ವಾಯಿದೆ ಕಳೆದು ಮೂರು ದಿನಗಳಿಗಿಂತ ಹೆಚ್ಚು ತಡವಾದರೆ ಮಾತ್ರ ಬಾಕಿದಾರರೆಂದು ವರದಿ ಮಾಡಬಹುದೆಂಬ ನಿಯಮವಿದೆಯಾದರೂ ಅದನ್ನು ನಂಬಿ ಕೂರುವುದು ಬೇಡ. ರಜಾದಿನ, ಸರ್ವರ್ ತೊಂದರೆ ಎಂದು ನೂರೆಂಟು ವಿಘ್ನಗಳಿರುತ್ತವೆ.

ನಮ್ಮ ಮಿತ್ರರು 25 ಸಾವಿರದ ಠೇವಣಿಯಿಟ್ಟು 20 ಸಾವಿರ ಮಿತಿಯ ಕಾರ್ಡ್ ಪಡೆದರು. ಮನೆಯ ವಿದ್ಯುತ್ ಬಿಲ್ಲು ಮತ್ತು ರೈಲಿನ ಪಾಸಿನ ಹೊರತು ಅದರಲ್ಲಿ ಏನನ್ನೂ ಖರೀದಿಸಲಿಲ್ಲ. ಹಳೆಯ ಬ್ಯಾಂಕಿಗೆ ಪತ್ರ ಬರೆದು, ಬಿಟ್ಟುಹೋದ 46 ಸಾವಿರವನ್ನು ಎರಡು ಕಂತುಗಳಲ್ಲಿ ಕಟ್ಟಲು ಅನುಮತಿ ಪಡೆದರು. ಇತ್ಯರ್ಥವಾದ ಸಾಲಕ್ಕೆ ಮತ್ತೆ ಹಣ ಕಟ್ಟುವುದು ಮೂರ್ಖತನವೆಂದು ಮನೆಯಲ್ಲಿ ವಾದವೂ ಆಯಿತಂತೆ. ಎಲ್ಲರಿಗೂ ಇದು ಅನಿವಾರ್ಯವೆಂದು ನಾನೂ ಹೇಳಲಾರೆ, ದೊಡ್ಡ ಸಾಲದ ಅಗತ್ಯ ಎದುರಿಗಿರುವವರು ಮಾತ್ರ ಯೋಚಿಸಬೇಕಾದ ಮಾತದು. ಹಣ ಕಟ್ಟುವ ಮುನ್ನ, ಖಾತೆಯನ್ನು 'ಕ್ಲೋಸ್ಡ್' ಎಂದು ಬದಲಿಸುವುದಾಗಿ ಬ್ಯಾಂಕಿನಿಂದ ಲಿಖಿತ ಒಪ್ಪಿಗೆ ಪಡೆದದ್ದು ಅವರ ಜಾಣತನ. ಆ ಪದ ವರದಿಯಲ್ಲಿ ಬದಲಾಗಲು ಎರಡು ತಿಂಗಳು ಹಿಡಿಯಿತು. ಹದಿನಾಲ್ಕು ತಿಂಗಳ ಬಳಿಕ ಅವರ ಅಂಕ 704. ಮಗಳ ಸಾಲದ ಅರ್ಜಿಯನ್ನು ಈ ಬಾರಿ ಬ್ಯಾಂಕಿನ ಶಾಖೆಯಲ್ಲಿ ಸ್ವೀಕರಿಸಿದ್ದಾರೆ. ಮೊನ್ನೆ ಸಿಕ್ಕಿದಾಗ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲಿತ್ತು. ಇತ್ಯರ್ಥ ಪತ್ರ, ಎರಡು ರಸೀದಿ, ಬಾಕಿ ಇಲ್ಲವೆಂಬ ಪತ್ರ ಎಲ್ಲವನ್ನೂ ತಾರೀಕಿನ ಕ್ರಮದಲ್ಲಿ ಜೋಡಿಸಿ ಶಾಖೆಯತ್ತ ಹೊರಟಿದ್ದರು.